ಹೆಣೆದ ಜಂಪರು

ಕೊಟ್ಟೂರಿನ ಬಿಸಿಲಿಗೆ ಸ್ವೆಟರ್ ಹೆಣೆಯುವ ಮಷೀನು ತಂದವಳು ನಾನು. ಹೇಳಿದರೆ ಈಗಲೂ ಜನ ನಗುತ್ತಾರೆ. ತೊಂಬತ್ತರ ದಶಕದ ನಡುವಿನ ಮಾತು. ಬಳ್ಳಾರಿಯಲ್ಲಿದ್ದ ನನ್ನ ಕಾನ್ವೆಂಟ್ ಗೆಳತಿಯೊಬ್ಬಳು ಮನೆ ಖಾಲಿ ಮಾಡುವಾಗ, "ನೀನಾದರೂ ಯೂಸ್ ಮಾಡು" ಎಂದು ಅದನ್ನು ನನ್ನ ಕೊರಳಿಗೆ ಕಟ್ಟಿದಳು. ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸಿನ ಟಾಪಿಗೆ ಹಾಕಿಸಿ ತಂದೆ. ಉದ್ದನೆಯ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಂದೇ ಸಾಲಿನಲ್ಲಿ ಇನ್ನೂರು ಸೂಜಿ, ಪ್ರತಿ ಸೂಜಿಯ ತುದಿಗೆ ಪುಟ್ಟ ಕೊಕ್ಕೆ, ಅವುಗಳ ಮೇಲೆ ಅತ್ತಿಂದಿತ್ತ ಓಡಾಡುವ ಒಂದು ಗಾಡಿ. ಗಾಡಿಯನ್ನು ಒಮ್ಮೆ ಎಳೆದರೆ ಒಂದು ಸಾಲು ಮುಗಿಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನ ಕೈಗೆ ಎರಡು ಕಡ್ಡಿ ಕೊಟ್ಟು, "ಪೇಶನ್ಸ್, ಚೈಲ್ಡ್, ಪೇಶನ್ಸ್" ಎನ್ನುತ್ತ ತಿಂಗಳುಗಟ್ಟಲೆ ಹೆಣೆಸಿದ್ದನ್ನು ಈ ಮಷೀನು ಒಂದು ಮಧ್ಯಾಹ್ನದಲ್ಲಿ ಹೆಣೆದು ಹಾಕುತ್ತಿತ್ತು.

ನಮ್ಮ ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿ ಬಂದರು.

"ಇಲ್ಲಿ ಮೈಮ್ಯಾಲಿನ ಸೀರಿನ ಭಾರ ಆಗೈತಿ. ಉಣ್ಣಿ ಅಂಗಿ ಹೆಣದು ಯಾರಿಗೆ ತೊಡಸ್ತಿಯವಾ, ನಮ್ಮ ಎಮ್ಮಿಗೇನು?"

"ನೂಲಿಲೆನೂ ಹೆಣಿಯಾಕ ಬರತೈತ್ರಿ ಅತ್ತಿ. ಕಾಟನ್."

"ನೂಲಿಗೆ ಮಗ್ಗ ಇಲ್ಲೇನು?"

ಹಾಗೆಂದವರೇ, ನಾನು ಒಂದು ವಾರ ತವರಿಗೆ ಹೋಗಿದ್ದಾಗ, ಪಾಪ, ಮಷೀನಿಗೆ ಎಣ್ಣೆ ಬಿಟ್ಟಿದ್ದರು. ಹೊಲಿಗೆ ಮಷೀನಿಗೆ ಬಿಡುತ್ತಾರಲ್ಲ, ಹಾಗೆ. ಆದರೆ ಬಿಟ್ಟದ್ದು ಅಡುಗೆಮನೆಯ ಕುಸುಬಿ ಎಣ್ಣೆ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಒಣಗಿ ಅಂಟಾಗುತ್ತದೆ, ಆಮೇಲೆ ಅರಗಿನ ಹಾಗೆ ಗಟ್ಟಿಯಾಗುತ್ತದೆ. ನಾನು ಬಂದು ಗಾಡಿ ಎಳೆದರೆ ಅದು ಕದಲಲಿಲ್ಲ. ಇನ್ನೂರು ಸೂಜಿಗಳನ್ನೂ ಒಂದೊಂದಾಗಿ ಕಿತ್ತು, ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿದೆ. ನಾಲ್ಕು ದಿನ ಹಿಡಿಯಿತು. ಅತ್ತೆ ಪಕ್ಕದಲ್ಲಿ ಕೂತು ತಿಕ್ಕಿದ ಸೂಜಿಗಳನ್ನು ಹಳೆಯ ಪಂಚೆಯಲ್ಲಿ ಒರೆಸಿಕೊಟ್ಟರು. ತಪ್ಪಾಯಿತು ಎಂದು ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಆ ನಾಲ್ಕು ದಿನದಲ್ಲಿ ನಾನು ಮಷೀನು ಕಲಿತೆ. ಅದುವರೆಗೆ ಅದು ನನಗೆ ಒಂದು ಯಂತ್ರ. ಆಮೇಲೆ ಇನ್ನೂರು ಬೆರಳು. ಒಂದು ಸೂಜಿಯನ್ನು ಮುಂದಕ್ಕೆ ಎಳೆದು ಬಿಟ್ಟು, ಗಾಡಿಯ ಬದಿಯ ಗುಂಡಿ ತಿರುಗಿಸಿದರೆ, ಗಾಡಿ ಎಷ್ಟು ಸಲ ಓಡಾಡಿದರೂ ಆ ಸೂಜಿ ಹೆಣೆಯುವುದಿಲ್ಲ. ತನ್ನ ಕುಣಿಕೆಯನ್ನು ಕೊಕ್ಕೆಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತದೆ. ಹಿಂದಕ್ಕೆ ದಬ್ಬಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಂದು ಕುಣಿಕೆ ಎತ್ತಿ ಪಕ್ಕದ ಸೂಜಿಗೆ ಹಾಕಿದರೆ ಅಲ್ಲೊಂದು ಜಾಲಂಧ್ರದಂಥ ತೂತು. ಮೂರು ಸಾಲು ಕೆಳಗಿನ ಕುಣಿಕೆಯನ್ನು ಮೇಲೆತ್ತಿ ಸಿಕ್ಕಿಸಿದರೆ ಉಬ್ಬಿದ ಕಾಳು. ಅಂಥ ಕಾಳುಗಳನ್ನು ಒತ್ತೊತ್ತಾಗಿ ಎಬ್ಬಿಸಿ ನಾನೊಂದು ಜೋಳದ ತೆನೆ ಮಾಡಿದೆ. ಯಾವ ಡಿಸೈನ್ ಬುಕ್ಕಿನಲ್ಲೂ ಅದು ಇರಲಿಲ್ಲ. ಇಟ್ಟಿಗಿ ಊರಿನಿಂದ ಬಂದ ನೆಂಟರೊಬ್ಬರು ಅದನ್ನು ಬೆರಳಿನಿಂದ ಮುಟ್ಟಿ, "ಬಿಳಿಜ್ವಾಳ. ಹಾಲುಗಾಳು ಇನ್ನೂ ಬಲತಿಲ್ಲ" ಎಂದಾಗ ನನಗೆ ಫಸ್ಟ್ ಪ್ರೈಜ್ ಬಂದಷ್ಟು ಸಂತೋಷವಾಗಿತ್ತು.

ಹೆಣಿಗೆ ಕಲಿಯಲು ಮಧ್ಯಾಹ್ನ ನಾಲ್ಕೈದು ಹುಡುಗಿಯರು ಬರತೊಡಗಿದರು. ಅವರಲ್ಲಿ ಒಬ್ಬಳು ನಮ್ಮ ಓಣಿಯ ಕೊನೆಯ ಮನೆಯವಳು. ಟಿಸಿಎಚ್ ಮುಗಿಸಿ, ಮೇಷ್ಟ್ರ ನೌಕರಿಯ ಆರ್ಡರಿಗೆ ಕಾಯುತ್ತಿದ್ದಳು. ಚಿಕ್ಕಂದಿನಿಂದಲೇ ಅವಳ ಬೆನ್ನೆಲುಬು ಬಾಗಿ, ಬಲಭುಜದ ಕೆಳಗೆ ಗೂನು ಎದ್ದಿತ್ತು. ಎಂಥ ಸೆಕೆಯಲ್ಲೂ ಸೆರಗನ್ನು ಎರಡೂ ಭುಜಕ್ಕೆ ಸುತ್ತಿ ಹೊದ್ದುಕೊಂಡೇ ಕೂರುತ್ತಿದ್ದಳು. ಬಾಯಿ ಮಾತ್ರ ಕತ್ತರಿ. ಯಾರಾದರೂ ಸಾಲಿನ ಲೆಕ್ಕ ತಪ್ಪಿಸಿದರೆ, "ಏ ಹುಡುಗಿ, ನಿನ್ನ ಲೆಕ್ಕ ನನ್ನ ಬೆನ್ನಿಗಿಂತ ಸೊಟ್ಟ ಐತಿ" ಎನ್ನುವಳು. ಬೇರೆಯವರು ಆಡುವ ಮೊದಲೇ ತಾನೇ ಆಡಿಬಿಡುವುದು ಅವಳ ಪದ್ಧತಿ.

ಆರ್ಡರು ಬಂತು. ಗುಡೇಕೋಟೆಯ ಶಾಲೆ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಆರ್ಡರು ರದ್ದು. ಅವಳ ಅವ್ವ ಸಕ್ಕರೆ ಹಿಡಿದು ನಮ್ಮ ಮನೆಗೆ ಬಂದಳು. ಹುಡುಗಿ ಹಿಂದೆಯೇ ಬಂದು ಮಷೀನಿನ ಮುಂದೆ ಕೂತು, ತಲೆ ಎತ್ತದೆ ಹೇಳಿದಳು:

"ನಾ ಹೋಗಂಗಿಲ್ರಿ ಅಮ್ಮಾರ."

"ನೋಡ್ರಿ ಅಕ್ಕಾರ, ಮುಂಜಾನಿಂದ ಇದ ಹಾಡು," ಎಂದು ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಎಷ್ಟು ಮಂದಿ ಈ ನೌಕರಿಗೆ ಬಾಯಿ ಬಿಡ್ತಾರ."

ನಾನು ಅವ್ವನಿಗೆ ಚಹಾ ಕೊಟ್ಟು ಅತ್ತೆಯ ಹತ್ತಿರ ಕೂರಿಸಿ, ಹುಡುಗಿಯ ಪಕ್ಕ ಬಂದೆ. "ಟೆಲ್ ಮಿ. ಯಾಕ?"

ಅವಳು ಸ್ವಲ್ಪ ಹೊತ್ತು ಗಾಡಿಯನ್ನು ಅತ್ತಿತ್ತ ಎಳೆದಳು. ಆಮೇಲೆ ಹೇಳಿದಳು. ಹರಪನಹಳ್ಳಿಯಲ್ಲಿ ಟ್ರೈನಿಂಗ್ ಇದ್ದಾಗ ಮೊದಲನೇ ಪಾಠಕ್ಕೆ ನಿಂತಿದ್ದಾಳೆ. ಬೋರ್ಡಿಗೆ ಬರೆಯಲು ತಿರುಗಿ ಬಲಗೈ ಎತ್ತಿದ್ದಾಳೆ. ಜಂಪರು, ಅಂದರೆ ಸೀರೆಯ ಕುಪ್ಪಸ, ಬೆನ್ನಿನ ಮೇಲೆ ಒಂದು ಮಗ್ಗಲು ಸರಸರ ಮೇಲೇರಿ ನಿಂತಿದೆ. ಹಿಂದೆ ನಲವತ್ತು ಮಕ್ಕಳು ಕಿಸಕ್ಕೆಂದಿದ್ದಾವೆ. ಅಂದಿನಿಂದ ಟ್ರೈನಿಂಗ್ ಮುಗಿಯುವವರೆಗೂ ಬೋರ್ಡಿಗೆ ತಾನು ಬರೆದೇ ಇಲ್ಲ. ಅಕ್ಷರ ದುಂಡಗಿದೆ ಎಂದು ಹೊಗಳಿ ಯಾವುದಾದರೂ ವಿದ್ಯಾರ್ಥಿನಿಯ ಕೈಗೆ ಚಾಕ್‌ಪೀಸು ಕೊಟ್ಟು ಬರೆಸಿದ್ದಾಳೆ.

"ಟ್ರೈನಿಂಗಿನಾಗ ನಡೀತು. ನೌಕರಿಯಾಗ ಮೂವತ್ತು ವರ್ಷ ಮಂದಿ ಕೈಲೆ ಬರಿಸಾಕ ಆಕ್ಕೈತೇನ್ರಿ?"

ಒಳಗಿನಿಂದ ಅವ್ವನ ದನಿ ಬಂತು: "ಸೆರಗು ಹೊದ್ಕಂಡು ಬರಿಯವಾ."

"ಎಡಗೈಲೆ ಸೆರಗು ಹಿಡೀಲೋ, ಪುಸ್ತಕ ಹಿಡೀಲೋ? ನನಗೇನು ಮೂರು ಕೈ ಅದಾವ?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು, ಆದರೆ ಕಣ್ಣು ತುಂಬಿದ್ದವು. ಆಗ ನನ್ನ ಬಾಯಿಂದ ಬಂದದ್ದು ಜಂಬದ ಮಾತು. ನಾನು ಆಡಿಬಿಟ್ಟೆ: "ನಾ ಹೆಣದು ಕೊಡ್ತೀನಿ ಜಂಪರು. ಕೈ ಎತ್ತಿದ್ರೂ ಮ್ಯಾಲೆ ಏರಬಾರದು. ಒಂದು ನೂಲಿನಷ್ಟೂ. ಏರಿದ್ರ ನೀ ಹೋಗಬ್ಯಾಡ. ಏರಲಿಲ್ಲ ಅಂದ್ರ?"

ಅವಳು ಕಣ್ಣೊರೆಸಿಕೊಂಡು, "ನೋಡೂಣ್ರಿ," ಎಂದಳು.

ಮಷೀನಿನಲ್ಲಿ ಜಂಪರು ಹೆಣೆದವರನ್ನು ಆಗ ನಾನು ನೋಡಿರಲಿಲ್ಲ, ಕೇಳಿರಲಿಲ್ಲ. ಆದರೆ ಯೋಚಿಸಿ ನೋಡಿ: ನೇಯ್ದ ಬಟ್ಟೆ ಹಟಮಾರಿ, ಕತ್ತರಿ ಬಿದ್ದಂತೆ ಇರುತ್ತದೆ. ಹೆಣೆದದ್ದು ಮೈಯ ಮಾತು ಕೇಳುತ್ತದೆ. ಇದು ಆಗಬೇಕು ಎಂದು ನನ್ನ ಲೆಕ್ಕ. ಮನೆಯಲ್ಲಿ ದಾವಣಗೆರೆಯಿಂದ ತರಿಸಿದ್ದ ನಯವಾದ ಕಾಟನ್ ದಾರವಿತ್ತು. "ಹಂಗಾದ್ರ ನಾಳೆ ಒಂದು ಅಳತಿ ಜಂಪರ್ ತಗೊಂಡು ಬಾ," ಎಂದೆ.

ನಮ್ಮ ಕಡೆ ಹೆಂಗಸರು ಟೇಲರನ ಮುಂದೆ ನಿಂತು ಮೈ ಅಳತೆ ಕೊಡುವುದಿಲ್ಲ. ಸರಿಯಾಗಿ ಕೂಡುವ ಹಳೆಯ ಜಂಪರೊಂದನ್ನು ಹೊಸ ಬಟ್ಟೆಯ ಜೊತೆ ಮಡಚಿ ಕಳಿಸುತ್ತಾರೆ. ಅದೇ ಅಳತಿ ಜಂಪರು. ಅದನ್ನು ನೋಡಿಕೊಂಡು ಅವನು ಹೊಲಿಯುತ್ತಾನೆ. ನಾನು ಹೆಂಗಸು, ನನ್ನ ಕೊರಳಲ್ಲೇ ಟೇಪು ನೇತಾಡುತ್ತಿದೆ, ಆದರೂ ರೂಢಿಯಂತೆ ಅದನ್ನೇ ಕೇಳಿದೆ. ಅವಳು ತಂದುಕೊಟ್ಟಳು. ಮೂರು ದಿನದಲ್ಲಿ ಹೆಣೆದೆ. ತುದಿಗೆ ಜೋಳದ ತೆನೆಯ ಪಟ್ಟಿ ಬೇರೆ. ಐ ವಾಸ್ ಸೋ ಪ್ಲೀಸ್ಡ್ ವಿತ್ ಮೈಸೆಲ್ಫ್!

ಅವಳು ಒಳಗೆ ಹೋಗಿ ತೊಟ್ಟು ಬಂದಳು. ಗೋಡೆಯ ಕಡೆ ತಿರುಗಿ ಕೈ ಎತ್ತಿದಳು. ನನ್ನ ಜೋಳದ ತೆನೆ ಬಲಗಡೆ ನಾಲ್ಕು ಬೆರಳು ಮೇಲಕ್ಕೆ ಹೋಯಿತು.

"ನಿಮ್ಮ ಮಷೀನೂ ನಮ್ಮ ಟೇಲರ್ ಇದ್ದಂಗ ಐತ್ರಿ ಅಮ್ಮಾರ," ಎಂದಳು, ಕೈ ಇಳಿಸದೆ.

ಅವಮಾನದಿಂದ ನನ್ನ ಕಿವಿ ಬಿಸಿಯಾದವು. ಅಳತಿ ಜಂಪರನ್ನು ಮಷೀನಿನ ಮೇಲೆ ಹರಡಿ ನೋಡಿದೆ. ಎಡಕ್ಕೂ ಬಲಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಕನ್ನಡಿಯಲ್ಲಿ ಹೊಂದಿಸಿದಂತಿದೆ.

"ಇದು ಯಾರದು?"

"ನಂದ್ರಿ."

"ಯಾರ ಅಳತಿಗೆ ಹೊಲದದ್ದು?"

ಅವಳು ಸೆರಗು ಹೊದ್ದುಕೊಂಡಳು. "ಅಕ್ಕಂದು." ಅಕ್ಕ ಮದುವೆಯಾಗಿ ಹಗರಿಬೊಮ್ಮನಹಳ್ಳಿಯಲ್ಲಿದ್ದಳು. "ಸಣ್ಣಾಕಿ ಇದ್ದಾಗ ಅಕ್ಕನ ಹಳೇವು ತೊಟ್ಟೆ. ದೊಡ್ಡಾಕಿ ಆದಮ್ಯಾಲೆ ಅಕ್ಕನ ಜಂಪರು ಅಳತಿಗೆ ಕೊಟ್ಟು ನನಗ ಹೊಲಿಸಿದ್ರು. ಅದು ಹರದಮ್ಯಾಲೆ, ಹಂಗ ಹೊಲದಿದ್ದ ಇನ್ನೊಂದನ್ನ ಅಳತಿಗೆ ಕೊಟ್ವಿ. ಹಂಗ ನಡದೈತಿ."

ಅವ್ವನನ್ನು ಕರೆಸಿ ಕೇಳಿದೆ. ಅವಳು ಮೊದಲು, "ಇಬ್ರೂ ಒಂದ ಹೊಟ್ಯಾಗ ಹುಟ್ಟ್ಯಾರಲ್ರಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಟೇಲರ್ ಮುಂದ ಇಕೀನ ನಿಂದ್ರಸಾಕ ಮನಸ್ಸು ಬರಲಿಲ್ಲ ಅಕ್ಕಾರ. ಅಂವ ಮುಟ್ಟಿ ನೋಡಿ ಏನರ ಅಂದಾನು ಅಂತ," ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಈ ಹುಡುಗಿಯ ಮೈಯನ್ನು ಯಾರೂ ಅಳೆದೇ ಇರಲಿಲ್ಲ. ಎಲ್ಲರೂ ಅಕ್ಕನ ಬೆನ್ನಿಗೆ ಹೊಲಿದು ಇವಳಿಗೆ ತೊಡಿಸಿದ್ದರು, ನಾನೂ ಸೇರಿ.

"ಬಾ, ನಿಂದ್ರು," ಎಂದು ಟೇಪು ತೆಗೆದೆ. ಅವಳು ಬಂದು ನಿಂತಳು. ಟೇಪಿನ ತಣ್ಣನೆಯ ತುದಿ ಕುತ್ತಿಗೆಗೆ ತಾಗಿದ್ದೇ ತಡ, ಉಸಿರು ಹಿಡಿದು ಮೈಯನ್ನು ಆದಷ್ಟು ಸೆಟೆಸಿದಳು. ಸಿಪಾಯಿಯ ಹಾಗೆ. ಅಳತೆ ಎಂದರೆ ಯಾರಾದರೂ ಹಾಗೆ ಮಾಡುತ್ತಾರೆ, ಕಾನ್ವೆಂಟಿನಲ್ಲಿ "ಪೋಸ್ಚರ್, ಗರ್ಲ್ಸ್!" ಎಂದರೆ ನಾವೂ ಮಾಡುತ್ತಿದ್ದೆವು. ಆದರೆ ಹಾಗೆ ನಿಂತು ಯಾರೂ ಪಾಠ ಮಾಡುವುದಿಲ್ಲ.

ಅವಳ ಕೈಗೆ ಒಂದು ಚಾಕ್‌ಪೀಸು ಕೊಟ್ಟೆ. "ಗ್ವಾಡಿ ಮ್ಯಾಲೆ ಹದಿನೇಳರ ಮಗ್ಗಿ ಬರಿ."

"ಹೊಸ ಸುಣ್ಣ ಹಚ್ಚೀರಲ್ರಿ."

"ಅದು ನನ್ನ ಗ್ವಾಡಿ. ನೀ ಬರಿ."

ಹಿಂದಿನಿಂದ ಅತ್ತೆ, "ಬರಿ ಬರಿ, ಸುಣ್ಣ ನಮ್ಮಪ್ಪನ ಮನಿಯಿಂದ ತಂದಿದ್ದೇನಲ್ಲ," ಎಂದು ಸೇರಿಸಿದರು. ಹುಡುಗಿ ಬರೆಯತೊಡಗಿದಳು. ಹದಿನೇಳ ಐದಲೆ ಎಂಬತ್ತೈದಕ್ಕೆ ಬರುವ ಹೊತ್ತಿಗೆ ಅವಳಿಗೆ ನನ್ನ ಟೇಪು ಮರೆತೇಹೋಗಿತ್ತು. ಬೆನ್ನು ತನ್ನ ಸ್ವಂತ ಆಕಾರಕ್ಕೆ ಬಂತು. ನಾನು ಅಳೆದೆ. ಕುತ್ತಿಗೆಯಿಂದ ಸೊಂಟಕ್ಕೆ ಎಡಗಡೆ ಹದಿನಾಲ್ಕು ಇಂಚು. ಬಲಗಡೆ ಗೂನಿನ ಮೇಲಿಂದ ಹಾಯ್ದು ಹದಿನೇಳು.

"ಎಷ್ಟು ಬಂತ್ರಿ?" ಎಂದು ತಿರುಗಿದಳು. ತೋರಿಸಿದೆ. ಟೇಪನ್ನು ತಾನೇ ಹಿಡಿದು ಹದಿನಾಲ್ಕರಿಂದ ಹದಿನೇಳರವರೆಗೆ ಹೆಬ್ಬೆರಳು ಸರಿಸಿ ನೋಡಿದಳು.

"ಮೂರು ಇಂಚು? ಇಷ್ಟ ಏನ್ರಿ? ನಾ ಒಂದು ಗುಡ್ಡನ ಹೊತ್ಕಂಡೀನಿ ಅಂತ ತಿಳಕಂಡಿದ್ದೆ."

ಆಮೇಲೆ ನಾವು ಕೂತು ಮಾಡಿದ ಕೆಲಸದ ಬಗ್ಗೆ ನನಗೆ ಈ ಮುಪ್ಪಿನಲ್ಲೂ ಹೆಮ್ಮೆ. ಕಾಲುಚೀಲದ ಹಿಮ್ಮಡಿ ಹೇಗೆ ತಿರುಗುತ್ತದೆ? ಎಲ್ಲ ಕುಣಿಕೆಗಳನ್ನೂ ಹೆಣೆಯುವುದಿಲ್ಲ. ನಡುವಿನವನ್ನು ಮಾತ್ರ ಮತ್ತೆ ಮತ್ತೆ ಹೆಣೆದು ಅಲ್ಲೊಂದು ಬಟ್ಟಲು ಮಾಡುತ್ತಾರೆ. ಸಿಸ್ಟರ್ ಕಡ್ಡಿಯಲ್ಲಿ ಕಲಿಸಿದ್ದನ್ನು ನಾನು ಸೂಜಿಗಳಲ್ಲಿ ಮಾಡಬಹುದಿತ್ತು. ಗೂನಿನ ಆಚೀಚೆಯ ಸೂಜಿಗಳನ್ನೆಲ್ಲ ಮುಂದಕ್ಕೆಳೆದು ಸುಮ್ಮನೆ ಕೂರಿಸುವುದು, ಗೂನಿನ ಜಾಗದಲ್ಲಿ ಮಾತ್ರ ಹೆಚ್ಚಿನ ಸಾಲು ಹೆಣೆಯುವುದು. ನಮ್ಮ ಹೆಣಿಗೆಯಲ್ಲಿ ಇಂಚಿಗೆ ಹತ್ತು ಸಾಲು. ಮೂರು ಇಂಚಿಗೆ ಮೂವತ್ತು.

"ಒಮ್ಮಿಗೇ ಮೂವತ್ತು ಹೆಣದ್ರ ಚೀಲ ಆಕ್ಕೈತ್ರಿ," ಎಂದು ಹುಡುಗಿ ನೋಟ್‌ಬುಕ್ಕು ಎಳೆದುಕೊಂಡಳು. "ಆರಾರು ಸಾಲು, ಐದು ಸಲ. ನಡುನಡುವ ನಾಕ್ ನಾಕ್ ಪೂರ್ತಿ ಸಾಲು. ಮೊದಲು ಇಪ್ಪತ್ತು ಸೂಜಿ, ಆಮ್ಯಾಲೆ ನಲವತ್ತು, ಕಡೀಕ ಮತ್ತ ಇಪ್ಪತ್ತು. ಏರಿ ಇಳದಂಗ ಆಗಬೇಕು."

ಅಷ್ಟು ನುಣುಪಾಗಿ ನನಗೆ ಹೊಳೆಯುತ್ತಿರಲಿಲ್ಲ. ಸಾಲು ಅರ್ಧಕ್ಕೆ ತಿರುಗುವ ಕಡೆ ತೂತು ಬೀಳುತ್ತದೆ. ಅದಕ್ಕೆ ಸುಮ್ಮನೆ ಕೂತ ಮೊದಲ ಸೂಜಿಗೆ ದಾರವನ್ನು ಒಂದು ಸುತ್ತು ಹಾಕಿ ಬರಬೇಕು. ಅದು ನನ್ನ ಪಾಲಿನ ವಿದ್ಯೆ. ಕೈ ಸಲೀಸಾಗಿ ಏಳಲೆಂದು ಕಂಕುಳಲ್ಲಿ ಒಂದು ಚೌಕದ ತುಂಡು ಇಡುವುದೆಂದೂ ಗೊತ್ತುಮಾಡಿದೆವು, ಹಳೆಯ ಕಾಲದ ಗಂಡಸರ ಅಂಗಿಗೆ ಇರುತ್ತಿತ್ತಲ್ಲ, ಹಾಗೆ.

"ದಾರ ಕರೀದು ತಗೊಳ್ಳೂಣೇನು?" ಎಂದೆ. ಕಪ್ಪಿನಲ್ಲಿ ಬೆನ್ನು ಅಷ್ಟಾಗಿ ಎದ್ದು ಕಾಣದು ಎಂದು ನನ್ನ ಮನಸ್ಸಿನಲ್ಲಿತ್ತು, ಬಾಯಿ ಬಿಟ್ಟು ಹೇಳಲಿಲ್ಲ.

"ಕರೀದು ಬ್ಯಾಡ್ರಿ. ಚಾಕ್‌ಪೀಸಿನ ಧೂಳು ಕಾಣತೈತಿ. ಅರಿಶಿಣದ್ದು ಹಾಕ್ರಿ."

ನಾನು ಅರಿಶಿಣ ಬಣ್ಣದ ನೂಲಿನ ಉಂಡೆ ತೆಗೆದೆ.

ಮರುದಿನ ಮಧ್ಯಾಹ್ನ ಬೆನ್ನಿನ ಭಾಗ ಶುರುಮಾಡಿದೆವು. ನಾನು ಗಾಡಿ ಎಳೆಯುವುದು, ಅವಳು ಸೂಜಿ ಎಣಿಸುವುದು. ಬಲಭುಜ, ಹಾಗಾಗಿ ನನ್ನ ಬಲಗೈ ಕಡೆಯ ಸೂಜಿಗಳಲ್ಲಿ ಬಟ್ಟಲು ಹೆಣೆಯುತ್ತ ಹೋದೆ. ಮೂರನೆಯ ಸಲದ ಆರು ಸಾಲು ಮುಗಿದಿತ್ತು. ಅವಳು ಇದ್ದಕ್ಕಿದ್ದಂತೆ ಮಷೀನಿನ ಕೆಳಗೆ ತೂಗುತ್ತಿದ್ದ ಹೆಣಿಗೆಯನ್ನು ಎತ್ತಿ ಆಚೆ ಮಗ್ಗಲು ನೋಡಿದಳು.

"ಅಮ್ಮಾರ, ನಿಂದ್ರಸ್ರಿ. ನಮ್ಮ ಕಡೀಗೆ ಇರಾದು ಒಳಮಗ್ಗಲು."

ಒಂದು ಕ್ಷಣ ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಈ ಮಷೀನಿನಲ್ಲಿ ಹೆಣೆಯುವವಳ ಎದುರಿಗೆ ಇರುವುದು ಬಟ್ಟೆಯ ಉಲ್ಟಾ ಮಗ್ಗಲು. ಮೈಗೆ ತಾಗುವ ಮಗ್ಗಲು. ನನ್ನ ಬಲ ಅವಳ ಎಡ. ಸ್ವೆಟರು ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರುವುದರಿಂದ ಇಷ್ಟು ವರ್ಷ ನನಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ.

"ಓ ಮೈ ಗಾಡ್," ಎಂದೆ.

"ಎಡಗಡೀಗೂ ಒಂದು ಗೂನು ಕೊಡಾಕ ಹೊಂಟಿದ್ರಲ್ರಿ! ಒಂದು ಸಾಲಲಿಲ್ಲೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಎದ್ದು ಬಂದು ಏನಾಯಿತೆಂದು ಕೇಳಿ, ತಾವೂ ನಕ್ಕು, "ಜೋಡೆತ್ತಿನಂಗ ಆಕ್ಕಿತ್ತು ಬಿಡು," ಎಂದರು. ನಾವು ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಹೆಣೆದದ್ದನ್ನು ಮಷೀನಿನಿಂದ ಇಳಿಸಿ, ದಾರದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿತು. ಕತ್ತರಿಸಿದ ಬಟ್ಟೆಯಾಗಿದ್ದರೆ ಹಾಳಾಗಿ ಹೋಗುತ್ತಿತ್ತು. ನೂಲು ಮತ್ತೆ ಉಂಡೆಗೆ ಸೇರಿತು. ಅವಳೇ ಸುತ್ತಿದಳು. ಆ ಮಧ್ಯಾಹ್ನವಿಡೀ ಸೆರಗು ಅವಳ ಬಲಭುಜದಿಂದ ಜಾರಿಬಿದ್ದಿತ್ತು. ನಾನು ಕಂಡೂ ಕಾಣದಂತೆ ಇದ್ದೆ.

ಎರಡನೆಯ ಸಲ ಹೆಣಿಗೆ ಅವಳ ಲೆಕ್ಕದಂತೆಯೇ ಬಂತು. ಹೊಲಿದು ಜೋಡಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ಕೊಟ್ಟೆ. ತೊಟ್ಟು ಬಂದು ಗೋಡೆಯ ಮುಂದೆ ನಿಂತು ಕೈ ಎತ್ತಿದಳು. ಸಾಲದೆಂದು ಹದಿನೆಂಟರ ಮಗ್ಗಿಯನ್ನು ಪೂರ್ತಿ ಬರೆದಳು. ಅವ್ವ ಹಿಂದೆ ಕೂತು ಜಂಪರಿನ ಅಂಚನ್ನೇ ನೋಡುತ್ತಿದ್ದಳು. ಅಂಚು ಕದಲಲಿಲ್ಲ. ಒಂದು ಮಾತು ಮಾತ್ರ ನಾನು ಒಪ್ಪಿಕೊಳ್ಳಬೇಕು. ಆ ಜಂಪರು ಗೂನನ್ನು ಮುಚ್ಚಲಿಲ್ಲ. ಮೈಗೆ ಸರಿಯಾಗಿ ಕೂತದ್ದರಿಂದ ಅದು ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು. ನನಗೆ ಅಳುಕಾಯಿತು. ಹುಡುಗಿ ನಮ್ಮ ಮನೆಯ ಎರಡು ಕನ್ನಡಿಗಳನ್ನು ಎದುರು ಬದುರು ಹಿಡಿಸಿ, ತನ್ನ ಬೆನ್ನನ್ನು ತಾನೇ ಬಹಳ ಹೊತ್ತು ನೋಡಿಕೊಂಡಳು.

"ಯಾವತ್ತು ಹೊಂಟಿದ್ದು?" ಎಂದು ಅವ್ವ ಕೇಳಿದಳು.

"ಸ್ವಾಮಾರ," ಎಂದಳು.

ಅವ್ವ ಬಸ್ಸು ಹತ್ತಿದರೆ ವಾಂತಿ ಮಾಡುವವಳು. ಜೊತೆಗೆ ನಾನು ಹೋದೆ. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಮುಂದೆ ಬಂಡೆಗುಡ್ಡ, ಜಾಲಿ, ಕುರಿಹಿಂಡು. ಅವಳು ದಾರಿಯುದ್ದಕ್ಕೂ ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಸುತ್ತಿಕೊಂಡೇ ಕೂತಿದ್ದಳು. ನಾನು ಮನಸ್ಸಿನಲ್ಲೇ ಇವಳು ಇಳಿದು ತಿರುಗಿ ಬಸ್ಸು ಹತ್ತುತ್ತಾಳೆಂದು ಎಣಿಸಿದ್ದೆ.

ಶಾಲೆಯಲ್ಲಿ ಹೆಡ್‌ಮಾಸ್ತರರು ಕಾಗದಗಳಿಗೆ ಸಹಿ ಹಾಕಿಸಿಕೊಂಡು, "ಮೂರನೇ ಈಯತ್ತೆಗೆ ಯಾರೂ ಇಲ್ರಿ, ಇವತ್ತ ನಡೀರಿ," ಎಂದುಬಿಟ್ಟರು. ನಾನು ಹೊರಗೆ ಕಿಟಕಿಯ ಹತ್ತಿರ ನಿಂತೆ. ಅವಳು ಒಳಗೆ ಹೋಗಿ ಮೇಜಿನ ಹಿಂದೆ ಒಂದು ಕ್ಷಣ ನಿಂತಳು. ಆಮೇಲೆ ಸೆರಗನ್ನು ಬಲಭುಜದಿಂದ ತೆಗೆದು, ಎಲ್ಲ ಹೆಂಗಸರ ಹಾಗೆ ಎಡಭುಜದ ಮೇಲೆ ಹಾಕಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಾಕ್‌ಪೀಸು ತೆಗೆದುಕೊಂಡು ಮಕ್ಕಳಿಗೆ ಬೆನ್ನು ಕೊಟ್ಟು ತಿರುಗಿದಳು.

ಬೋರ್ಡಿನ ತೀರ ಮೇಲಿನಿಂದಲೇ ಒಂದು ಲೆಕ್ಕ ಬರೆಯಲು ಶುರುಮಾಡಿದಳು, ತುದಿಗಾಲಲ್ಲಿ ನಿಂತು. ಅರಿಶಿಣದ ಅಂಚು ನೂಲಿನಷ್ಟೂ ಏಳಲಿಲ್ಲ. ನನ್ನ ಕಣ್ಣು ಅಲ್ಲೇ ನೆಟ್ಟಿದ್ದವು.

ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿಯೊಂದು ಗಟ್ಟಿಯಾಗಿ ಕೇಳಿತು: "ಟೀಚರ್ರಿ, ನಿಮ್ಮ ಬೆನ್ನು ಯಾಕ ಹಂಗ ಐತಿ?"

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅವಳು ತಿರುಗಲಿಲ್ಲ, ಬರೆಯುವುದನ್ನೂ ನಿಲ್ಲಿಸಲಿಲ್ಲ.

"ಸಣ್ಣಾಕಿ ಇದ್ದಾಗಿಂದ ಹಂಗ ಐತಿ. ನಿನ್ನ ಮೂಗು ಯಾಕ ಸುರೀತೈತಿ? ಒರಸ್ಕೊ. ಒರಸ್ಕಂಡು ಈ ಲೆಕ್ಕ ಎಷ್ಟಾತು ಹೇಳು."

ಮಕ್ಕಳು ನಕ್ಕವು. ನಕ್ಕದ್ದು ಮೂಗಿಗೆ. ಹುಡುಗಿ ಮೂಗೊರೆಸಿಕೊಂಡು ಬೆರಳೆಣಿಸತೊಡಗಿತು.

ಹೆಡ್‌ಮಾಸ್ತರರು ನನ್ನ ಪಕ್ಕಕ್ಕೆ ಬಂದು ನಿಂತು, "ಛಲೋ ಕಲಸ್ತಾರ ನೋಡ್ರಿ. ನಿಮ್ಮ ಮಗಳೇನ್ರಿ?" ಎಂದರು.

"ಅಲ್ರಿ," ಎಂದೆ. ಸುಮ್ಮನಿರಲಾಗಲಿಲ್ಲ. "ಆಕಿ ತೊಟ್ಟ ಜಂಪರು ನಾ ಹೆಣದದ್ರಿ. ಮಷೀನಿಲೆ."

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಜಂಪರನ್ನ ಹೆಣೀತಾರೇನ್ರಿ?"

"ಹೆಣೀತೀವ್ರಿ. ಹೆಣಿಕಿ ನಂದು, ಲೆಕ್ಕ ಆಕೀದು," ಎಂದು ಶುರುಮಾಡಿ, ಆರಾರು ಸಾಲು ಐದು ಸಲದಿಂದ ಹಿಡಿದು ಕಂಕುಳ ಚೌಕದವರೆಗೆ ಎಲ್ಲವನ್ನೂ ಹೇಳಿದೆ. ಪುಣ್ಯಾತ್ಮರು ನಿಂತು ಕೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಕೂಡ್ಲಿಗಿ ಬಸ್ಸು ಹೋಗಿಬಿಟ್ಟಿತ್ತು. ಮುಂದಿನದು ಮೂರು ಗಂಟೆಗೆ ಎಂದರು. ಸ್ಟಾಫ್ ರೂಮಿನಲ್ಲಿ ಕುರ್ಚಿ ಹಾಕಿಸುತ್ತೇನೆ ಬನ್ನಿ ಎಂದರು. ಇಲ್ಲೇ ನೆರಳಿದೆ, ಪರವಾಗಿಲ್ಲ ಎಂದು ನಾನು ಕಿಟಕಿಯ ಹತ್ತಿರವೇ ನಿಂತೆ.